ನಾನು ಕೇಳದ ಒಂದು ಪ್ರಶ್ನೆ

ಎರಡು ವರ್ಷದ ಹಿಂದಿನ ಮಾತು. ಬೆಂಗಳೂರಿನ ಮಗನ ಮನೆಗೆ ಹೋಗಿದ್ದೆ. ಮೊಮ್ಮಗನಿಗೆ ಆಗ ಒಂಬತ್ತು ವರ್ಷ. ಮಾತಾಡಲು ಹತ್ತಿದರೆ ಅರಳು ಹುರಿದ ಹಾಗೆ. ಪುಸ್ತಕ ಕೈಗೆ ಕೊಟ್ಟರೆ ಮಾತ್ರ ಹೊಟ್ಟೆನೋವು. ಶಾಲೆಯವರು ‘ಒಮ್ಮೆ ಪರೀಕ್ಷೆ ಮಾಡಿಸಿ’ ಎಂದು ಚೀಟಿ ಕಳಿಸಿದ್ದರು. ಸೊಸೆಯ ಜೊತೆಗೆ ನಾನೂ ಹೊರಟೆ. ಮೂವತ್ತು ವರ್ಷಕ್ಕೂ ಮಿಕ್ಕಿ ಮಾಸ್ತರಿಕೆ ಮಾಡಿದವನು, ಇಂಥ ಪರೀಕ್ಷೆಗಳು ನನಗೇನೂ ಹೊಸವಲ್ಲ ಎಂಬ ಸಣ್ಣ ಜಂಬವೂ ಇತ್ತೆನ್ನಿ.

ಪರೀಕ್ಷೆ ಮಾಡುವಾಕೆ ನನ್ನ ಮಗಳ ವಯಸ್ಸಿನವರು. ಹುಡುಗನ ಕೈಗೆ ಬಣ್ಣದ ಪೆನ್ಸಿಲ್ ಕೊಟ್ಟು ಕೂರಿಸಿ, ಸೊಸೆಯ ಕಡೆ ತಿರುಗಿ ಮೊದಲು ಕೇಳಿದ್ದು ಇದು: “ಮನೆಯಲ್ಲಿ ಇವನ ಹತ್ತಿರ ಯಾವ ಭಾಷೆ ಮಾತಾಡ್ತೀರಿ?”

ಸೊಸೆ ಮಂಗಳೂರಿನ ಕಡೆಯವಳು. “ನಾನು ತುಳು ಮೇಡಂ, ಇವನಪ್ಪ ಕನ್ನಡ. ಶಾಲೆಯಲ್ಲಿ ಇಂಗ್ಲಿಷು.”

ಅವರು ಅದನ್ನು ಬರೆದುಕೊಂಡರು. ಆಮೇಲೆ ಕಣ್ಣು, ಕಿವಿ ತೋರಿಸಿದ್ದೀರಾ ಎಂದು ಕೇಳಿದರು. ಅವರ ಮಟ್ಟಿಗೆ ಅದು ನಿತ್ಯದ ಕೆಲಸ. ನನಗೆ ಮಾತ್ರ ಎದೆ ಧಸಕ್ಕೆಂದಿತು. ಆ ಮೊದಲ ಪ್ರಶ್ನೆಯನ್ನು ಐವತ್ತು ವರ್ಷದ ಹಿಂದೆ ನಾನೊಬ್ಬ ಹುಡುಗನಿಗೆ ಕೇಳಬೇಕಿತ್ತು. ಕೇಳಿರಲಿಲ್ಲ.

ಅದನ್ನು ಹೇಳುವ ಮೊದಲು ಈ ಪರೀಕ್ಷೆಗಳು ಹುಟ್ಟಿದ ಬಗೆಯನ್ನು ಸ್ವಲ್ಪ ಹೇಳಬೇಕು. ಫ್ರಾನ್ಸಿನಲ್ಲಿ 1882ರಲ್ಲಿ ಪ್ರಾಥಮಿಕ ಶಿಕ್ಷಣ ಕಡ್ಡಾಯವಾಯಿತು. ಅದುವರೆಗೆ ಶಾಲೆಯ ಮೆಟ್ಟಿಲು ಹತ್ತದಿದ್ದ ಮಕ್ಕಳೆಲ್ಲ ತರಗತಿಗೆ ಬಂದರು. ಕೆಲವರಿಗೆ ಪಾಠ ಹತ್ತಲೊಲ್ಲದು. ಅಂಥವರನ್ನು ಗುರುತಿಸಿ ಬೇರೆ ರೀತಿಯಲ್ಲಿ ಕಲಿಸುವುದು ಹೇಗೆಂದು ಯೋಚಿಸಲು 1904ರಲ್ಲಿ ಸರಕಾರ ಒಂದು ಸಮಿತಿ ಮಾಡಿತು. ಅದರಲ್ಲಿದ್ದ ಆಲ್ಫ್ರೆಡ್ ಬಿನೆ, ವೈದ್ಯ ಥಿಯೋಡೋರ್ ಸಿಮೋನ್ ಜೊತೆ ಸೇರಿ 1905ರಲ್ಲಿ ಮೂವತ್ತು ಚಿಕ್ಕ ಚಿಕ್ಕ ಕೆಲಸಗಳ ಪಟ್ಟಿ ಸಿದ್ಧಪಡಿಸಿದ. ಉರಿಯುವ ಕಡ್ಡಿಯನ್ನು ಕಣ್ಣಿನಿಂದ ಹಿಂಬಾಲಿಸುವುದು, ಹೇಳಿದ ಅಂಕಿಗಳನ್ನು ತಿರುಗಿ ಹೇಳುವುದು, ಎರಡು ತೂಕಗಳಲ್ಲಿ ಭಾರವಾದದ್ದು ಯಾವುದೆಂದು ಹೇಳುವುದು, ಹೀಗೆ ಸುಲಭದಿಂದ ಕಷ್ಟಕ್ಕೆ ಏರುತ್ತ ಹೋಗುವ ಕೆಲಸಗಳು. ಅದಕ್ಕೂ ಮೊದಲು ಅವನು ತನ್ನ ಇಬ್ಬರು ಹೆಣ್ಣುಮಕ್ಕಳು ಮನೆಯಲ್ಲಿ ಆಡುವುದನ್ನು, ಯೋಚಿಸುವುದನ್ನು ವರ್ಷಗಟ್ಟಲೆ ಗಮನಿಸಿದವನು. ಇಬ್ಬರು ಮಕ್ಕಳ ಬುದ್ಧಿ ಒಂದೇ ದಾರಿಯಲ್ಲಿ ನಡೆಯುವುದಿಲ್ಲವೆಂದು ಮನೆಯಲ್ಲಿಯೇ ಕಲಿತವನು.

1908ರಲ್ಲಿ ಆ ಕೆಲಸಗಳನ್ನು ವಯಸ್ಸಿಗೆ ತಕ್ಕಂತೆ ಜೋಡಿಸಿದ. 1911ರಲ್ಲಿ ಇನ್ನೊಮ್ಮೆ ತಿದ್ದಿದ. ಅದೇ ವರ್ಷ ತೀರಿಕೊಂಡ. ಆಗ ಅವನಿಗೆ 54. ಬುದ್ಧಿ ಅನ್ನುವುದು ಹುಟ್ಟಿನಿಂದ ಸಾಯುವತನಕ ಅಷ್ಟೇ ಇರುವ ಗಟ್ಟಿ ಪದಾರ್ಥವಲ್ಲ, ಅದನ್ನು ಬೆಳೆಸಬಹುದು ಎಂದು 1909ರ ಪುಸ್ತಕದಲ್ಲಿ ಖಂಡತುಂಡವಾಗಿ ಬರೆದಿದ್ದ. ಅವನ ಪರೀಕ್ಷೆ ಮಗುವಿಗೆ ಸಹಾಯ ಎಲ್ಲಿ ಬೇಕೆಂದು ತೋರಿಸುವ ಬೆರಳು.

ಆದರೆ ಲೋಕಕ್ಕೆ ಬೆರಳಿಗಿಂತ ಅಂಕಿ ಇಷ್ಟ. 1912ರಲ್ಲಿ ಜರ್ಮನಿಯ ವಿಲಿಯಂ ಸ್ಟರ್ನ್ ಮಾನಸಿಕ ವಯಸ್ಸನ್ನು ನಿಜವಾದ ವಯಸ್ಸಿನಿಂದ ಭಾಗಿಸಿದ. 1916ರಲ್ಲಿ ಅಮೆರಿಕದ ಸ್ಟ್ಯಾನ್‌ಫೋರ್ಡಿನ ಲೂಯಿಸ್ ಟರ್ಮನ್ ಅದನ್ನು ನೂರರಿಂದ ಗುಣಿಸಿದ. ಬುದ್ಧಿಲಬ್ಧ ಹುಟ್ಟಿತು. ಹತ್ತು ವರ್ಷದ ಮಗು ಎಂಟು ವರ್ಷದವರ ಕೆಲಸ ಮಾಡಿದರೆ 80. ಅಷ್ಟೇ ಲೆಕ್ಕ, ನಾಲ್ಕನೆಯ ತರಗತಿಯ ಗಣಿತ. ಇದೇ ಕಾಲದಲ್ಲಿ, 1913ರಲ್ಲಿ, ಹೆನ್ರಿ ಗಾಡರ್ಡ್ ಎಂಬಾತನ ಸಹಾಯಕರು ನ್ಯೂಯಾರ್ಕಿನ ಎಲ್ಲಿಸ್ ದ್ವೀಪದಲ್ಲಿ ಹಡಗಿನಿಂದ ಇಳಿದ ಬಡ ವಲಸೆಗಾರರನ್ನು ದುಭಾಷಿಗಳ ಮೂಲಕ ಪರೀಕ್ಷಿಸಿ, ಬಹುಪಾಲು ಜನರನ್ನು ಮಂದಬುದ್ಧಿಯವರೆಂದು ಬರೆದುಕೊಂಡರು. ವಾರಗಟ್ಟಲೆ ಸಮುದ್ರದಲ್ಲಿ ತೂಗಾಡಿ ಬಂದವರಿಗೆ ಆಗ ಏನು ತಾನೇ ಹೊಳೆದೀತು?

ನಮ್ಮ ನಾಡಿಗೆ ಈ ವಿದ್ಯೆ ಬಂದದ್ದೂ ಹೆಚ್ಚು ತಡವಾಗಿಯಲ್ಲ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲೇ ಮನೋವಿಜ್ಞಾನ ವಿಭಾಗ ಶುರುವಾಯಿತು. ಅದನ್ನು ಕಟ್ಟಿದವರು ಲಂಡನ್ನಿನಲ್ಲಿ ಓದಿ ಬಂದ ಎಂ. ವಿ. ಗೋಪಾಲಸ್ವಾಮಿ; ಮುಂದೆ 1935ರಲ್ಲಿ ತಮ್ಮ ಮನೆಯಿಂದಲೇ ‘ಆಕಾಶವಾಣಿ’ ನಡೆಸಿದವರೂ ಅವರೇ. ಇತ್ತ ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡದ ಸೀಮೆಯಲ್ಲಿ ವಿ. ವಿ. ಕಾಮತರು ಬಿನೆಯ ಪರೀಕ್ಷೆಯನ್ನು ನಮ್ಮ ಮಕ್ಕಳಿಗೆ ಹೊಂದಿಸಲು ಕೂತರು. ಇಂಗ್ಲಿಷಿನ ಪ್ರಶ್ನೆಗಳನ್ನು ಹಾಗೆಯೇ ಕನ್ನಡಕ್ಕೆ ತಿರುವಿದರೆ ಆಗುವುದಿಲ್ಲ. ಅಲ್ಲಿ ಏಳು ವರ್ಷದ ಮಗುವಿಗೆ ಸುಲಭವಾದದ್ದು ಇಲ್ಲಿ ಒಂಬತ್ತಕ್ಕೂ ಕಷ್ಟವಾದೀತು, ಇಲ್ಲಿಯ ಸುಲಭ ಅಲ್ಲಿ ಕಷ್ಟವಾದೀತು. ನಮ್ಮ ಮಕ್ಕಳಿಗೆ ಒಂದೊಂದಾಗಿ ಕೇಳಿ ನೋಡಿ, ಯಾವುದು ಯಾವ ವಯಸ್ಸಿಗೆ ಎಂದು ಗೊತ್ತುಮಾಡಬೇಕು. ಕಾಮತರು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗಾಗಿ ಆ ಕೆಲಸ ಮಾಡಿದರು. ಅದರ ವರದಿ 1934ರಲ್ಲಿ, ಪುಸ್ತಕ 1940ರಲ್ಲಿ ಬಂದವು. ಬಿನೆ-ಕಾಮತ್ ಪರೀಕ್ಷೆಯೆಂದು ಇಡೀ ದೇಶ ಬಲ್ಲದ್ದು ಇದೇ. ಧಾರವಾಡದ ಮಗುವನ್ನು ಪ್ಯಾರಿಸಿನ ಗಜಕಡ್ಡಿಯಲ್ಲಿ ಅಳೆಯಬಾರದು ಎಂಬುದೇ ಆ ಶ್ರಮದ ಹಿಂದಿದ್ದ ತಿಳಿವಳಿಕೆ.

ಆ ತಿಳಿವಳಿಕೆ ನನಗೆ ಬರಲಿಲ್ಲ. 1974ರಲ್ಲಿ ನಾನು ಬಿ.ಎಡ್. ಓದುತ್ತಿದ್ದೆ. ಪ್ರತಿಯೊಬ್ಬರೂ ಒಂದು ಮಗುವನ್ನು ಪರೀಕ್ಷಿಸಿ ದಾಖಲೆ ಪುಸ್ತಕ ಬರೆಯಬೇಕಿತ್ತು. ಕಾಲೇಜಿನಿಂದ ಪರೀಕ್ಷೆಯ ಪೆಟ್ಟಿಗೆಯನ್ನು ಎರಡು ದಿನಕ್ಕೆ ಕಡ ತಂದು, ವಿಜಾಪುರ ಸೀಮೆಯ ಒಂದು ಹಳ್ಳಿಯ ಶಾಲೆಗೆ ಹೋದೆ. ಹೆಡ್‌ಮಾಸ್ತರರು ಹಿಂದಿನ ಸಾಲಿನಿಂದ ಒಬ್ಬ ಹುಡುಗನನ್ನು ಎಬ್ಬಿಸಿ ಕಳಿಸಿದರು. ಹನ್ನೊಂದು ವರ್ಷ, ಪಕ್ಕದ ತಾಂಡಾದವನು. ಕಚೇರಿ ಕೋಣೆಯಲ್ಲಿ ಎದುರಿಗೆ ಕೂರಿಸಿಕೊಂಡು ಪುಸ್ತಕದಲ್ಲಿದ್ದಂತೆ ಗ್ರಾಂಥಿಕ ಕನ್ನಡದಲ್ಲಿ ಕೇಳುತ್ತ ಹೋದೆ. ಅವನು ನನ್ನ ಬಾಯಿ ನೋಡುತ್ತ ಕೂತ. ಕೆಲವಕ್ಕೆ ಉತ್ತರಿಸಿದ, ಹಲವಕ್ಕೆ ನೆಲ ನೋಡಿದ. ನಾನು ಲೆಕ್ಕ ಹಾಕಿದೆ. ಮಾನಸಿಕ ವಯಸ್ಸು ಎಂಟು. ಎಂಟನ್ನು ಹನ್ನೊಂದರಿಂದ ಭಾಗಿಸಿ ನೂರರಿಂದ ಗುಣಿಸಿದರೆ 73. ‘ಗಡಿರೇಖೆಯ ಬುದ್ಧಿ. ಮಾತು ಕಡಿಮೆ’ ಎಂದು ದುಂಡಗೆ ಬರೆದೆ.

ಹೆಡ್‌ಮಾಸ್ತರರು ಇಣುಕಿ ನೋಡಿ, “ನನಗಿದು ಮೊದಲ ಗೊತ್ತಿತ್ತ ನೋಡ್ರಿ. ಈಗ ಲೆಕ್ಕಾ ಸಿಕ್ಕಂಗಾತು” ಅಂದರು.

ಮುಂದಿನ ತಿಂಗಳು ಆ ಹುಡುಗನ ತಂದೆ ಬಂದ. ರುಮಾಲು ಕೈಯಲ್ಲಿ ಹಿಡಿದು ನಿಂತು, “ಹುಡುಗನ ತಲಿ ಸುದ್ದ ಇಲ್ಲಂತಲ್ರಿ ಸಾಹೇಬ್ರ?” ಎಂದು ಕೇಳಿದ. ಹಾಗೇನಿಲ್ಲ ಎಂದು ಗಟ್ಟಿಯಾಗಿ ಹೇಳಬೇಕಿತ್ತು. ನಾನು ಪುಸ್ತಕದ ಮಾತು ಏನೇನೋ ಹೇಳಿದೆ. ಅವನಿಗೆ ತಿಳಿದದ್ದು 73 ಒಂದೇ. ನೂರಕ್ಕೆ ಇಷ್ಟು ಅಂದರೆ ಪಾಸಲ್ಲವೇ ಎಂದು ಕೂಡ ಕೇಳಿದ, ಪಾಪ. ವಾರದೊಳಗೆ ಹುಡುಗ ಶಾಲೆ ಬಿಟ್ಟ.

ಮಾರ್ಚಿನಲ್ಲಿ ಸಂತೆಯಲ್ಲಿ ಅವನನ್ನು ಕಂಡೆ. ತಾಯಿಯ ಜೊತೆ ಕಟ್ಟಿಗೆ ಮಾರುತ್ತಿದ್ದ. ‘ಯಾಡಿ, ಯಾಡಿ’ ಎನ್ನುತ್ತ ಲಂಬಾಣಿಯಲ್ಲಿ ಏನೋ ಕಥೆ ಹೇಳುತ್ತಿದ್ದ. ಸುತ್ತಲಿನ ನಾಲ್ಕೈದು ಹೆಂಗಸರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಗಿರಾಕಿಗೆ ಚಿಲ್ಲರೆ ಎಣಿಸಿಕೊಟ್ಟ, ಹಿಂದಿನ ವಾರದ ಬಾಕಿ ಕೇಳಿ ಇಸಕೊಂಡ. ಮಾತು ಕಡಿಮೆ ಎಂದು ನಾನು ಬರೆದದ್ದು ಇವನನ್ನೇ. ನಾನು ಅವನ ಬುದ್ಧಿಯನ್ನಲ್ಲ, ಅವನಿಗೆ ಎಷ್ಟು ಕನ್ನಡ ಬರುತ್ತದೆಂಬುದನ್ನು ಅಳೆದಿದ್ದೆ ಎಂಬುದು ಅಲ್ಲಿಯೇ ಹೊಳೆಯಿತು. ತಾಂಡಾ ಒಂದೂವರೆ ಮೈಲಿ ದೂರ. ಹೋಗಿ ಆ ತಂದೆಗೆ ಹೇಳಬಹುದಿತ್ತು. ಆದರೆ ನನ್ನ ಪರೀಕ್ಷೆ ಹತ್ತಿರ ಬಂದಿತ್ತು. ದಾಖಲೆ ಪುಸ್ತಕಕ್ಕೆ 20ಕ್ಕೆ 18 ಅಂಕ ಬಂದಾಗಿತ್ತು. ನಾನು ಹೋಗಲಿಲ್ಲ. ಮುಂದೆ ಅವರು ದುಡಿಯಲು ಗೋವಾಕ್ಕೆ ಹೋದರೆಂದು ಕೇಳಿದೆ.

ಎಷ್ಟೋ ವರ್ಷದ ಮೇಲೆ ಕ್ಯಾಲಿಫೋರ್ನಿಯಾದ 1970ರ ಒಂದು ಮೊಕದ್ದಮೆಯ ವಿಷಯ ಓದಿದೆ. ಡಯಾನಾ ಎಂಬ ಹೆಸರಿನಲ್ಲಿ ಹೂಡಿದ ದಾವೆ. ಮನೆಯಲ್ಲಿ ಸ್ಪ್ಯಾನಿಷ್ ಮಾತಾಡುವ ಮೆಕ್ಸಿಕನ್ ಕುಟುಂಬಗಳ ಒಂಬತ್ತು ಮಕ್ಕಳನ್ನು ಇಂಗ್ಲಿಷಿನಲ್ಲಿ ಪರೀಕ್ಷಿಸಿ ಮಂದಬುದ್ಧಿಯವರ ತರಗತಿಗೆ ಹಾಕಿದ್ದರು. ಅವರ ಮಾತಿನಲ್ಲಿಯೂ ಕೇಳಿ ನೋಡಿದಾಗ ಹೆಚ್ಚಿನವರು ಆ ಗೆರೆಯನ್ನು ದಾಟಿಬಿಟ್ಟರು. ಮಗುವಿನ ಮನೆಮಾತಿನಲ್ಲಿಯೂ ಪರೀಕ್ಷೆ ಆಗಬೇಕೆಂದು ಒಪ್ಪಂದವಾಯಿತು. ನಾನು ಪೆಟ್ಟಿಗೆ ಹಿಡಿದು ಹಳ್ಳಿಗೆ ಹೋಗುವುದಕ್ಕೆ ನಾಲ್ಕು ವರ್ಷ ಮೊದಲೇ ನಡೆದ ಮಾತಿದು.

ಹಾಗೆಂದು ಪರೀಕ್ಷೆಗಳೇ ಬೇಡವೆನ್ನಲು ನನಗೆ ಬಾಯಿಲ್ಲ. ಮೊಮ್ಮಗನ ವರದಿ ಬಂತು. ಬುದ್ಧಿಗೇನೂ ಕೊರತೆಯಿಲ್ಲ, ಅಕ್ಷರ ಮತ್ತು ಧ್ವನಿ ಜೋಡಿಸುವಲ್ಲಿ ತೊಡಕು ಎಂದಿತ್ತು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಈ ಕಲಿಕೆಯ ತೊಡಕಿಗೂ ಜಾಗವಿದೆ. ಆ ಕಾಗದವಿಲ್ಲದಿದ್ದರೆ ಅವನು ಸೋಮಾರಿಯೆಂದೇ ಬೈಸಿಕೊಳ್ಳುತ್ತಿದ್ದ. ಈಗ ಅವನಿಗೆ ಬೇರೆ ರೀತಿಯಲ್ಲಿ ಕಲಿಸುತ್ತಿದ್ದಾರೆ. ಬಿನೆ ಬಯಸಿದ್ದು ಇದನ್ನೇ.

ಆದರೂ ಒಂದು ಮಾತು ಒಪ್ಪಿಕೊಳ್ಳುತ್ತೇನೆ. ವರದಿ ಕೈಗೆ ಬಂದೊಡನೆ ನನ್ನ ಕಣ್ಣು ಮೊದಲು ಹುಡುಕಿದ್ದು ಅಂಕಿಯನ್ನು. ಐವತ್ತು ವರ್ಷದ ಪಶ್ಚಾತ್ತಾಪ ಕೂಡ ಆ ಚಟ ಬಿಡಿಸಲಿಲ್ಲ.

ಊರಿಗೆ ಬಂದು ಹಳೆಯ ಟ್ರಂಕು ತೆಗೆದೆ. ದಾಖಲೆ ಪುಸ್ತಕ ತಳದಲ್ಲಿತ್ತು. ಹುಡುಗನ ಹೆಸರು, ವಯಸ್ಸು, ತರಗತಿ, ತಂದೆಯ ಕೆಲಸ ಎಲ್ಲ ಇವೆ. 73ರ ಕೆಳಗೆ ಕೆಂಪು ಮಸಿಯಲ್ಲಿ ‘ಉತ್ತಮ’ ಎಂದು ನಮ್ಮ ಅಧ್ಯಾಪಕರ ರುಜು. ಪೆನ್ನು ತೆಗೆದುಕೊಂಡು ಖಾಲಿ ಜಾಗದಲ್ಲಿ ‘ಮನೆಮಾತು: ಲಂಬಾಣಿ’ ಎಂದು ಬರೆದೆ. ಇದರಿಂದ ಅವನಿಗೇನೂ ಆಗುವುದಿಲ್ಲ, ಬಲ್ಲೆ. ಇದ್ದರೆ ಅವನಿಗೀಗ ಅರುವತ್ತು ದಾಟಿರುತ್ತದೆ. ಆದರೂ ದಾಖಲೆಯಲ್ಲಿ ಅದೊಂದು ಸಾಲು ಇರಬೇಕಿತ್ತು.