ಮುಂಬಯಿಯಿಂದ ಜೇವೂರಿಗೆ: ನೈಗಾಮ್‌ವಾಲಾ ಅವರ ಆಕಾಶಯಾತ್ರೆ

ನಕ್ಷತ್ರಗಳನ್ನು ಅರಸಿ ಹೋಗುವ ಮುಂಬಯಿಗರಿಗೆ ಮಧ್ಯ ರೈಲ್ವೆಯ ಕರ್ಜತ್ ಮಾರ್ಗ ಚಿರಪರಿಚಿತ. ಗೋರೆಗಾಂವ್‌ನಿಂದ ಹೊರಟವರು ದಾದರ್‌ನಲ್ಲಿ ಗಾಡಿ ಬದಲಿಸಿ, ವಾಂಗಣಿಯಲ್ಲೋ ನೇರಳ್‌ನಲ್ಲೋ ಇಳಿದು, ದೂರದರ್ಶಕ, ಕ್ಯಾಮರಾಗಳೊಡನೆ ಇಡೀ ರಾತ್ರಿಯನ್ನು ಬಯಲಿನಲ್ಲಿ ಕಳೆಯುತ್ತಾರೆ. 1985-86ರ ಹ್ಯಾಲಿ ಧೂಮಕೇತುವಿನ ಕಾಲದಲ್ಲಿ ರೂಪುಗೊಂಡ 'ಖಗೋಳ ಮಂಡಳ'ದಂಥ ಹವ್ಯಾಸಿ ಬಳಗಗಳು ಈ ವಾಡಿಕೆಯನ್ನು ಬೆಳೆಸಿವೆ. ಆದರೆ ಆಕಾಶಕ್ಕಾಗಿ ಮುಂಬಯಿಯನ್ನು ಬಿಟ್ಟು ಇದೇ ದಿಕ್ಕಿನಲ್ಲಿ ಹೊರಟವರಲ್ಲಿ ಇವರು ಮೊದಲಿಗರಲ್ಲ. ಅದಕ್ಕೂ ನೂರು ವರ್ಷ ಹಿಂದೆ ಎಲ್ಫಿನ್‌ಸ್ಟನ್ ಕಾಲೇಜಿನ ಒಬ್ಬ ಅಧ್ಯಾಪಕರು ಘಟ್ಟ ಹತ್ತಿ ಪುಣೆಗೆ ಹೋಗಿದ್ದರು. ಮುಂದೆ ಅದೇ ಹಳಿಯ ಮೇಲೆ ಸೋಲಾಪುರ ಜಿಲ್ಲೆಯ ಜೇವೂರಿನವರೆಗೆ ಸಾಗಿದ್ದರು. ಅವರ ಹೆಸರು ಕಾವಸ್‌ಜೀ ದಾದಾಭಾಯಿ ನೈಗಾಮ್‌ವಾಲಾ.

1857ರಲ್ಲಿ ಜನಿಸಿದ ನೈಗಾಮ್‌ವಾಲಾ ಕಲಿತದ್ದು ಭೌತ ಮತ್ತು ರಸಾಯನಶಾಸ್ತ್ರಗಳನ್ನು. ಖಗೋಳವಿಜ್ಞಾನ ಅವರ ಪದವಿಯ ವಿಷಯವಾಗಿರಲಿಲ್ಲ. ಅವರನ್ನು ಆಕಾಶದೆಡೆಗೆ ಕರೆದೊಯ್ದದ್ದು ರೋಹಿತದರ್ಶಕ. ಬೆಳಕನ್ನು ಅದರ ಬಣ್ಣಗಳಾಗಿ ಬಿಡಿಸಿ, ಅಲ್ಲಿ ಕಾಣುವ ರೇಖೆಗಳಿಂದ ಉರಿಯುವ ವಸ್ತು ಯಾವುದೆಂದು ಹೇಳಬಲ್ಲ ಈ ಉಪಕರಣ ಆಗಿನ್ನೂ ಹೊಸದು. ಪ್ರಯೋಗಶಾಲೆಯ ದೀಪದ ಜ್ವಾಲೆಗೆ ಅನ್ವಯಿಸುವ ವಿದ್ಯೆ ಸೂರ್ಯನಿಗೂ ಅನ್ವಯಿಸುತ್ತದೆ ಎಂಬುದನ್ನು ಕಂಡುಕೊಂಡ ಪೀಳಿಗೆ ಅದು. 1868ರ ಆಗಸ್ಟ್ 18ರ ಖಗ್ರಾಸ ಗ್ರಹಣದಲ್ಲಿ ನಮ್ಮ ಜಮಖಂಡಿಯಲ್ಲಿ ನಿಂತು ಲೆಫ್ಟಿನೆಂಟ್ ಜಾನ್ ಹರ್ಷಲ್ ಸೂರ್ಯನ ಅಂಚಿನ ಜ್ವಾಲೆಗಳನ್ನು ಪರೀಕ್ಷಿಸಿದ್ದು ಇದೇ ಉಪಕರಣದಿಂದ.

1882ರಲ್ಲಿ ಭಾವನಗರದ ಮಹಾರಾಜ ತಖ್ತಸಿಂಹಜಿ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ರೋಹಿತವಿಜ್ಞಾನದ ಪ್ರಯೋಗಶಾಲೆಗೆಂದು 5,000 ರೂಪಾಯಿ ನೀಡಿದರು. ಮುಂಬಯಿ ಸರ್ಕಾರವೂ ಅಷ್ಟೇ ಮೊತ್ತ ಸೇರಿಸಿತು. ಇಂಗ್ಲೆಂಡಿಗೆ ಹೋಗಿ ಅಲ್ಲಿನ ತಜ್ಞರನ್ನು ಕಂಡು ಬಂದ ಮೇಲೆ ನೈಗಾಮ್‌ವಾಲಾ ಅವರ ಯೋಜನೆ ಹಿಗ್ಗಿ ವೀಕ್ಷಣಾಲಯವೇ ಆಯಿತು. ಕಡಲಂಚಿನ ಮುಂಬಯಿಗಿಂತ ಪುಣೆಯ ಹವೆ ಅದಕ್ಕೆ ತಕ್ಕುದಾಗಿತ್ತು. ಹೀಗೆ 1888ರ ಹೊತ್ತಿಗೆ ಪುಣೆಯ ಕಾಲೇಜ್ ಆಫ್ ಸೈನ್ಸ್‌ನ ಆವರಣದಲ್ಲಿ ಮಹಾರಾಜರ ಹೆಸರಿನ ವೀಕ್ಷಣಾಲಯ ಎದ್ದು ನಿಂತಿತು. ಅಲ್ಲಿಗೆ ಬಂದ 20 ಇಂಚಿನ ಗ್ರಬ್ ದೂರದರ್ಶಕ ಆ ಕಾಲಕ್ಕೆ ದೇಶದಲ್ಲಿಯೇ ಅತಿ ದೊಡ್ಡದು.

ಆ ವೀಕ್ಷಣಾಲಯದಿಂದ ಅವರು ನೋಡಿದವುಗಳಲ್ಲಿ ಒಂದು ಮಹಾವ್ಯಾಧ ನಕ್ಷತ್ರಪುಂಜದ ನೀಹಾರಿಕೆ. ಅದರ ರೋಹಿತದಲ್ಲಿ ಎದ್ದು ಕಾಣುವ ಒಂದು ಹಸಿರು ರೇಖೆ ಆ ಕಾಲದ ದೊಡ್ಡ ಒಗಟು. ಅದು ಮೆಗ್ನೀಷಿಯಮ್‌ನ ಪಟ್ಟಿಯೊಂದರ ಅಂಚು ಎಂದು ಪ್ರಸಿದ್ಧ ವಿಜ್ಞಾನಿ ನಾರ್ಮನ್ ಲಾಕ್ಯರ್ ವಾದಿಸುತ್ತಿದ್ದರು. ಪಟ್ಟಿಯ ಅಂಚಾಗಿದ್ದರೆ ಒಂದು ಬದಿಯಲ್ಲಿ ಮಸುಕಾಗಿ ಹರಡಬೇಕು. ನೈಗಾಮ್‌ವಾಲಾ ಅವರಿಗೆ ಅದು ಎರಡೂ ಬದಿಯಲ್ಲಿ ಹರಿತವಾದ ರೇಖೆಯಾಗಿಯೇ ಕಂಡಿತು. 1891ರಲ್ಲಿ ಅದನ್ನು ಲಂಡನ್ನಿನ ರಾಯಲ್ ಆಸ್ಟ್ರನಾಮಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಕಾಲೇಜಿನಲ್ಲಿ ಪಾಠ ಹೇಳುತ್ತಲೇ ಆಕಾಶವನ್ನು ನೋಡುತ್ತಿದ್ದ ಭಾರತೀಯ ಅಧ್ಯಾಪಕರೊಬ್ಬರು ಸಾಮ್ರಾಜ್ಯದ ರಾಜಧಾನಿಯ ಹಿರಿಯ ವಿಜ್ಞಾನಿಗೆ ಹೀಗೆ ಎದುರು ಸಾಕ್ಷ್ಯ ನುಡಿದದ್ದು ಸಣ್ಣ ಮಾತಲ್ಲ. ಅದೇ ಪುಣೆಯಲ್ಲಿದ್ದು, ಅದೇ ನಕ್ಷತ್ರಪುಂಜವನ್ನು ಹಿಡಿದು ವೇದಗಳ ಕಾಲವನ್ನು ಲೆಕ್ಕ ಹಾಕಿದ 'ಓರಾಯನ್' ಗ್ರಂಥವನ್ನು ಲೋಕಮಾನ್ಯ ತಿಲಕರು 1893ರಲ್ಲಿ ಪ್ರಕಟಿಸಿದರು. ಒಬ್ಬರು ಮೃಗಶಿರೆಯಲ್ಲಿ ಪ್ರಾಚೀನ ಕಾಲವನ್ನೂ ಇನ್ನೊಬ್ಬರು ಅನಿಲವನ್ನೂ ಅರಸುತ್ತಿದ್ದರು.

1898ರ ಜನವರಿ 22ರ ಖಗ್ರಾಸ ಗ್ರಹಣ ನೈಗಾಮ್‌ವಾಲಾ ಅವರ ಜೀವನದ ದೊಡ್ಡ ಸಂದರ್ಭ. ನೆರಳಿನ ದಾರಿ ಕೊಂಕಣದ ಕರಾವಳಿಯಿಂದ ಈಶಾನ್ಯಕ್ಕೆ ಸಾಗುತ್ತಿತ್ತು. ಲಾಕ್ಯರ್ ವಿಜಯದುರ್ಗದ ಕೋಟೆಯಲ್ಲಿ ಬೀಡುಬಿಟ್ಟರು. ಬ್ರಿಟನ್ನಿನ ಹವ್ಯಾಸಿಗಳ ಸಂಘದವರು ತಳನಿ ಮತ್ತು ಬಕ್ಸರ್‌ಗಳಿಗೆ ಬಂದರು. ನೈಗಾಮ್‌ವಾಲಾ ಆರಿಸಿಕೊಂಡದ್ದು ರೈಲು ನಿಲ್ದಾಣವಿದ್ದ ಜೇವೂರನ್ನು. ಕ್ಯಾಲಿಫೋರ್ನಿಯಾದ ಲಿಕ್ ವೀಕ್ಷಣಾಲಯದ ಕ್ಯಾಂಪ್‌ಬೆಲ್ ದಂಪತಿಗಳ ಶಿಬಿರವೂ ಅಲ್ಲಿಯೇ ಇತ್ತು. ದೇಶದ ಸ್ಥಿತಿ ನೆಮ್ಮದಿಯದಾಗಿರಲಿಲ್ಲ. ಮುಂಬಯಿ, ಪುಣೆಗಳನ್ನು ಪ್ಲೇಗು ಕಾಡುತ್ತಿತ್ತು. ಹಿಂದಿನ ವರ್ಷವೇ ಪ್ಲೇಗ್ ಅಧಿಕಾರಿ ರ‍್ಯಾಂಡ್ ಅವರ ಹತ್ಯೆ ನಡೆದಿತ್ತು, ತಿಲಕರು ಸೆರೆಯಲ್ಲಿದ್ದರು. ಅಂಥ ದಿನಗಳಲ್ಲಿ ಗಾಜಿನ ಫಲಕಗಳನ್ನೂ ಕ್ಯಾಮರಾಗಳನ್ನೂ ಹಳ್ಳಿಗೆ ಸಾಗಿಸಿ, ಸುಮಾರು ಎರಡೇ ನಿಮಿಷಗಳ ಕತ್ತಲೆಗಾಗಿ ಸಿದ್ಧರಾಗಬೇಕಿತ್ತು. ಆಕಾಶ ಕೈಬಿಡಲಿಲ್ಲ. ಸೂರ್ಯನ ವರ್ಣಗೋಳ ಮತ್ತು ಕರೋನಾಗಳ ರೋಹಿತ ಅವರ ಅಧ್ಯಯನದ ವಿಷಯವಾಯಿತು. ಅದರ ವರದಿ 1902ರಲ್ಲಿ ಪುಸ್ತಕವಾಗಿ ಬಂದಿತು.

ಖಗೋಳ ಛಾಯಾಗ್ರಹಣದ ಮಹತ್ವ ಇಂಥ ಗಳಿಗೆಗಳಲ್ಲಿ ತಿಳಿಯುತ್ತದೆ. ಕಣ್ಣು ಕಂಡದ್ದನ್ನು ಮರುಕ್ಷಣವೇ ಮರೆಯಬಹುದು, ಹಿಗ್ಗಿಸಿಯೂ ಹೇಳಬಹುದು. ಫಲಕ ಬೆಳಕನ್ನು ಕೂಡಿಸಿಟ್ಟುಕೊಳ್ಳುತ್ತದೆ. ಎರಡು ನಿಮಿಷದ ನೋಟವನ್ನು ವರ್ಷಗಟ್ಟಲೆ ಅಳೆಯಲು ಬಿಡುತ್ತದೆ. ಇಂದಿನ ಹವ್ಯಾಸಿ ನೂರಾರು ಚಿತ್ರಗಳನ್ನು ಗಣಕದಲ್ಲಿ ಒಂದರ ಮೇಲೊಂದು ಜೋಡಿಸಿ ಮಸುಕಾದ ನೀಹಾರಿಕೆಯನ್ನು ಬಿಡಿಸುವುದೂ ಇದೇ ತತ್ತ್ವದಿಂದ. ಇನ್ನೊಂದು ನಂಟು ಇದಕ್ಕಿಂತ ಹತ್ತಿರದ್ದು. ಆ ಹಸಿರು ರೇಖೆಯ ಒಗಟನ್ನು 1927ರಲ್ಲಿ ಅಮೆರಿಕದ ಬೋವೆನ್ ಬಿಡಿಸಿದರು: ಅದು ಎರಡು ಎಲೆಕ್ಟ್ರಾನ್ ಕಳೆದುಕೊಂಡ ಆಮ್ಲಜನಕದ ಬೆಳಕು, ತರಂಗಾಂತರ 500.7 ನ್ಯಾನೋಮೀಟರ್. ನಗರದ ದೀಪಗಳ ನಡುವೆ ಚಿತ್ರ ತೆಗೆಯುವವರು ಇಂದು ಕ್ಯಾಮರಾಕ್ಕೆ ಹಾಕಿಕೊಳ್ಳುವ 'ಓ-ತ್ರೀ' ಶೋಧಕ ಆ ರೇಖೆಯ ಸುತ್ತಲಿನ ಕಿರಿದಾದ ಪಟ್ಟಿಯನ್ನಷ್ಟೇ ಒಳಬಿಟ್ಟು, ಉಳಿದ ಬಹುಪಾಲು ಬೆಳಕನ್ನು ತಡೆಯುತ್ತದೆ. ಗೋರೆಗಾಂವ್‌ನ ಚಿತ್ರನಗರಿಯ ದೀಪಗಳಾಚೆಗಿನ ನೀಹಾರಿಕೆಯನ್ನು ತನ್ನ ತಾರಸಿಯಿಂದಲೇ ಹಿಡಿಯಲು ಹೊರಡುವಾತ ನೈಗಾಮ್‌ವಾಲಾ ಪುಣೆಯಲ್ಲಿ ಪರೀಕ್ಷಿಸಿದ ಬೆಳಕನ್ನೇ ಹಿಡಿಯುತ್ತಾನೆ.

ಈ ಕಥೆಯ ಕೊನೆ ಮಾತ್ರ ವಿಷಾದದ್ದು. 1912ರಲ್ಲಿ ನೈಗಾಮ್‌ವಾಲಾ ನಿವೃತ್ತರಾದರು, ವೀಕ್ಷಣಾಲಯವನ್ನೂ ಮುಚ್ಚಲಾಯಿತು. ಉಪಕರಣಗಳು ಕೊಡೈಕನಾಲ್‌ಗೆ ಹೋದವು; ದೊಡ್ಡ ದೂರದರ್ಶಕ ಅಲ್ಲಿ 'ಭಾವನಗರ ದೂರದರ್ಶಕ'ವೆಂದು ದಾನಿಯ ಊರಿನ ಹೆಸರಿನಲ್ಲಿ ಉಳಿಯಿತು. ಅವರು ತೀರಿಕೊಂಡದ್ದು 1938ರಲ್ಲಿ. ಸರ್ಕಾರಿ ಸೇವೆಯಲ್ಲಿರುವ ನನ್ನಂಥವರಿಗೆ ಇದರ ಅರ್ಥ ಬೇಗ ಹೊಳೆಯುತ್ತದೆ: ವೀಕ್ಷಣಾಲಯದ ಆಯುಸ್ಸು ಒಬ್ಬ ನೌಕರನ ಸೇವಾವಧಿಯಷ್ಟೇ ಆಗಿತ್ತು. ಹಣ, ಉಪಕರಣ, ಪಾಂಡಿತ್ಯ ಎಲ್ಲವೂ ಇದ್ದವು. ಅವರ ಬಳಿಕ ಅದೇ ದರ್ಪಣದ ಮುಂದೆ ಕೂರುವ ಎರಡನೆಯವನು ಇರಲಿಲ್ಲ.

ಹಾಗೆ ನೋಡಿದರೆ ವಾಂಗಣಿಯ ಬಯಲಿಗೆ ಹೋಗುವ ಗುಂಪುಗಳ ಬಳಿ ಅವರಿಗಿದ್ದ ರಾಜಾಶ್ರಯವಿಲ್ಲ, ಗುಮ್ಮಟವಿಲ್ಲ. ಆದರೆ ಅಲ್ಲಿ ದೂರದರ್ಶಕವನ್ನು ತಿರುಗಿಸಿ ಮಹಾವ್ಯಾಧನನ್ನು ಹುಡುಕಿಕೊಟ್ಟವರು ಪಕ್ಕಕ್ಕೆ ಸರಿದು, ಸರದಿಯಲ್ಲಿ ನಿಂತ ಮುಂದಿನವರಿಗೆ ಜಾಗ ಬಿಡುತ್ತಾರೆ. ಪುಣೆಯ ವೀಕ್ಷಣಾಲಯಕ್ಕೆ ಕೊರತೆಯಾದದ್ದು ಆ ಸರದಿಯೇ.