ಉಳ್ಳಾಲ: ಚೌಟರ ಪಟ್ಟಣವೂ ಉಳಿದ ಹೆಸರುಗಳೂ

ಘಟ್ಟದಿಂದಿಳಿದು ಬರುವ ನೇತ್ರಾವತಿ ಕಡಲು ಸೇರುವ ಮುನ್ನ ಉತ್ತರದಿಂದ ಬರುವ ಗುರುಪುರ ಹೊಳೆಯೊಡನೆ ಕೂಡುತ್ತದೆ. ಈ ಅಳಿವೆಯ ಒಂದು ಮಗ್ಗುಲಲ್ಲಿ ಮಂಗಳೂರು, ತೆಂಕು ಮಗ್ಗುಲಲ್ಲಿ ಉಳ್ಳಾಲ. ಇಂದು ಉಳ್ಳಾಲವನ್ನು ಪರಿಚಯಿಸುವವರು ಮಂಗಳೂರಿನ ಉಪನಗರ ಎಂದೇ ಆರಂಭಿಸುತ್ತಾರೆ. ಅದು ತಪ್ಪಲ್ಲ. ಬೆಳಗಿನ ಹೊತ್ತು ತೊಕ್ಕೊಟ್ಟಿನಿಂದ ಸೇತುವೆ ದಾಟುವ ಬಸ್ಸುಗಳ ಸಾಲನ್ನು ಕಂಡವರಿಗೆ ಊರಿನ ಮುಖ ಯಾವ ಕಡೆಗಿದೆಯೆಂಬುದು ತಿಳಿಯುತ್ತದೆ. 2011ರ ಜನಗಣತಿಯ ವೇಳೆಗೇ ಐವತ್ತು ಸಾವಿರವನ್ನು ಮೀರಿದ್ದ ಈ ಊರು ಈಗ ನಗರಸಭೆಯ ಆಡಳಿತವನ್ನು ಪಡೆದಿದೆ, ತಾಲೂಕಿನ ಹೆಸರೂ ಆಗಿದೆ. ಆದರೆ ಹದಿನಾರನೆಯ ಶತಮಾನದ ಪೋರ್ಚುಗೀಸರಿಗೆ ‘ಒಲಾಲ’ವೆಂದರೆ ಮಂಗಳೂರಿನ ಬಂಗರಸರೊಡನೆ ಸಮಬಲದಿಂದ ಸೆಣಸುತ್ತಿದ್ದ ಬೇರೆಯೇ ಒಂದು ರಾಜ್ಯ, ಬೇರೆಯೇ ಒಂದು ರೇವು. ಆ ರಾಜ್ಯವನ್ನಾಳಿದವರು ಜೈನರಾದ ಚೌಟರು. ಇಂದಿನ ಉಳ್ಳಾಲದ ಜನವಸತಿಯಲ್ಲಿ ಜೈನರ ಸಂಖ್ಯೆ ತೀರ ಅಲ್ಪ. ಆಳಿದ ಮನೆತನ ಊರು ಬಿಟ್ಟ ಮೇಲೆ ಅದರ ನೆನಪನ್ನು ಯಾರು ಕಾಪಾಡಿದರು, ಹೇಗೆ ಕಾಪಾಡಿದರು ಎಂಬ ಪ್ರಶ್ನೆ ಉಳ್ಳಾಲದ ಚರಿತ್ರೆಯನ್ನು ಬರೆಯುವವರ ಮುಂದಿದೆ.

ಕೋಟೆಗಳಿಗಿಂತಲೂ ಶಾಸನಗಳಿಗಿಂತಲೂ ಮೊದಲು ಇಲ್ಲಿ ಕಿವಿಗೆ ಬೀಳುವುದು ಸ್ಥಳನಾಮಗಳು. ಅಳಿವೆಗೆ ಚಾಚಿದ ಮರಳ ನಾಲಗೆಯ ಮೇಲಿರುವ ಕೇರಿ ಕೋಟೆಪುರ. ಊರೊಳಗಿನ ಒಂದು ಭಾಗ ಬಸ್ತಿಪಡ್ಪು, ಇನ್ನೊಂದು ಮಾಸ್ತಿಕಟ್ಟೆ, ಮತ್ತೊಂದು ಮೇಲಂಗಡಿ. ಕಡಲ ಅಂಚಿನಲ್ಲಿ ಮೊಗವೀರಪಟ್ನ. ‘ಬಸ್ತಿ’ಯು ‘ಬಸದಿ’ಯ ಆಡುರೂಪವೆಂಬುದು ತುಳುನಾಡಿನಲ್ಲಿ ಎಲ್ಲರಿಗೂ ತಿಳಿದದ್ದು. ‘ಪಡ್ಪು’ ಎಂದರೆ ತುಳುವಿನಲ್ಲಿ ಬೇಸಾಯವಿಲ್ಲದ ಬಯಲು. ‘ಮಾಸ್ತಿ’ಯಲ್ಲಿ ಮಹಾಸತಿಯಿದ್ದಾಳೆ. ‘ಪಟ್ನ’ವು ‘ಪಟ್ಟಣ’ದ, ಅಂದರೆ ಹಡಗು ತಂಗುವ ಊರಿನ ನೆನಪನ್ನು ಹಿಡಿದಿಟ್ಟುಕೊಂಡಿದೆ. ಮೇಲಂಗಡಿಯು ಪೇಟೆಯ ಶ್ರೇಣಿಯನ್ನು ಹೇಳುತ್ತದೆ. ಬಸದಿ, ಕೋಟೆ, ಅಂಗಡಿ, ಪಟ್ಟಣ ಎಂಬ ನಾಲ್ಕು ಅಂಗಗಳು ಕೂಡಿದರೆ ಮಧ್ಯಯುಗದ ಕರಾವಳಿಯ ಒಂದು ರಾಜಧಾನಿಯ ನಕ್ಷೆ ಕಣ್ಣಿಗೆ ಕಟ್ಟುತ್ತದೆ. ಕೋಟೆಪುರದ ಕೋಟೆ ಯಾರದು, ಯಾವ ಕಾಲದ್ದು ಎಂಬುದನ್ನು ಹೆಸರು ಹೇಳುವುದಿಲ್ಲ. ಹೆಸರಿನ ಸಾಕ್ಷ್ಯಕ್ಕೆ ಅಷ್ಟು ಮಿತಿಯಿದ್ದೇ ಇದೆ. ಆದರೂ ಈ ಹೆಸರುಗಳನ್ನು ದಿನಕ್ಕೆ ಹತ್ತು ಬಾರಿ ನುಡಿಯುವವರು ಬಹುಪಾಲು ಬ್ಯಾರಿಗಳು, ಮೊಗವೀರರು, ಬಿಲ್ಲವರು, ಕ್ರೈಸ್ತರು ಎಂಬುದು ಗಮನಿಸತಕ್ಕ ವಿಷಯ.

ಚೌಟರದು ತುಳುನಾಡಿನ ಜೈನ ಅರಸು ಮನೆತನಗಳಲ್ಲಿ ಪ್ರಮುಖವಾದದ್ದು. ಉಳ್ಳಾಲ, ಪುತ್ತಿಗೆ, ಮೂಡುಬಿದಿರೆಗಳು ಅವರ ನೆಲೆಗಳು. ಧರ್ಮದಲ್ಲಿ ಜೈನರಾದರೂ ಅವರು ಸೋಮನಾಥನ ಭಕ್ತರು. ಉಳ್ಳಾಲದ ತೆಂಕಣ ಸೋಮೇಶ್ವರದಲ್ಲಿ ಕಡಲಿಗೆ ಮುಖಮಾಡಿದ ಬಂಡೆಗಳ ಮೇಲೆ ಸೋಮನಾಥನ ಗುಡಿಯಿದೆ. ಪುತ್ತಿಗೆಯಲ್ಲಿಯೂ ಸೋಮನಾಥನೇ. ಜೈನ ಅರಸನೊಬ್ಬ ಶಿವಾಲಯಕ್ಕೆ ನಡೆದುಕೊಳ್ಳುವುದನ್ನು ಕಂಡು ಹೊರಗಿನವರು ಅಚ್ಚರಿಪಡಬಹುದು. ಧರ್ಮಸ್ಥಳದಲ್ಲಿ ಜೈನ ಹೆಗ್ಗಡೆಯವರು ಮಂಜುನಾಥನ ಸನ್ನಿಧಿಯ ಧರ್ಮಾಧಿಕಾರಿಗಳಾಗಿರುವುದನ್ನು ನೋಡುತ್ತ ಬೆಳೆದ ತುಳುನಾಡಿನವರಿಗೆ ಇದರಲ್ಲಿ ವಿಶೇಷವೇನೂ ಕಾಣದು.

ಇನ್ನೊಂದು ಮುಖ್ಯ ಅಂಶ ಅಳಿಯಸಂತಾನ ಪದ್ಧತಿ. ತುಳುನಾಡಿನ ಬಂಟರು, ಬಿಲ್ಲವರು, ಮೊಗವೀರರಂತೆ ಇಲ್ಲಿಯ ಜೈನ ಅರಸು ಮನೆತನಗಳೂ ಇದನ್ನೇ ಅನುಸರಿಸಿದವು. ಮಾವನಿಂದ ಸೋದರಳಿಯನಿಗೆ, ಸೋದರಳಿಯನಿಲ್ಲದಿದ್ದರೆ ಸೊಸೆಗೆ ಪಟ್ಟ ಇಳಿಯುತ್ತದೆ. ಹೆಣ್ಣು ಮದುವೆಯಾದರೂ ಹುಟ್ಟಿದ ಮನೆಯ ಸದಸ್ಯೆಯಾಗಿಯೇ ಉಳಿಯುತ್ತಾಳೆ. ಉಳ್ಳಾಲದಲ್ಲಿ ರಾಣಿಯರು ಆಳಿದ್ದು ಅರಸರ ವಿಧವೆಯರಾಗಿಯೂ ಅಲ್ಲ, ಎಳೆಯ ಮಗನ ಪರವಾಗಿಯೂ ಅಲ್ಲ, ಮನೆತನದ ಹಕ್ಕಿನಿಂದ. ಇದನ್ನು ಮರೆತರೆ ಅಬ್ಬಕ್ಕನ ಕಥೆ ಅರ್ಥವಾಗುವುದಿಲ್ಲ.

ಜನಪ್ರಿಯ ಕಥನದಲ್ಲಿ ಅಬ್ಬಕ್ಕ ಒಬ್ಬಳೇ. ಮಾವ ತಿರುಮಲರಾಯ ಚೌಟನಿಂದ ಶಸ್ತ್ರವಿದ್ಯೆ ಕಲಿತವಳು, ಮಂಗಳೂರಿನ ಬಂಗರಸನನ್ನು ವರಿಸಿ ಅವನನ್ನು ತೊರೆದು ಉಳ್ಳಾಲಕ್ಕೆ ಮರಳಿದವಳು, ಪೋರ್ಚುಗೀಸರಿಗೆ ಕಪ್ಪ ಕೊಡಲು ನಿರಾಕರಿಸಿದವಳು, ಪತಿಯ ದ್ರೋಹದಿಂದ ಸೋತವಳು. ನಾಟಕ, ಯಕ್ಷಗಾನ, ಶಾಲೆಯ ಪಾಠ, ಎಲ್ಲದರಲ್ಲಿಯೂ ಇದೇ ಎಳೆ. ಆದರೆ ಆಕರಗಳ ಕಾಲವನ್ನು ಜೋಡಿಸಿ ನೋಡಿದಾಗ ಸಂಖ್ಯೆಗಳು ಒಪ್ಪುವುದಿಲ್ಲ. ಉಳ್ಳಾಲದ ಮೇಲೆ ಪೋರ್ಚುಗೀಸ್ ನೌಕಾದಳ ಬಂದದ್ದು 1555ರಲ್ಲಿ. ಮತ್ತೆ ದೊಡ್ಡ ಯುದ್ಧ ನಡೆದು ಮಂಗಳೂರಿನಲ್ಲಿ ಸಂತ ಸೆಬಾಸ್ಟಿಯನ್ನನ ಹೆಸರಿನ ಕೋಟೆ ಎದ್ದದ್ದು 1568ರಲ್ಲಿ. ರಕ್ಕಸ-ತಂಗಡಿ ಯುದ್ಧದಲ್ಲಿ ವಿಜಯನಗರ ಕುಸಿದು ಆಗ ಮೂರೇ ವರ್ಷ. ಘಟ್ಟದ ಮೇಲಿನ ಆಸರೆ ತಪ್ಪಿದ ಕರಾವಳಿಯ ಚಿಕ್ಕ ರಾಜ್ಯಗಳನ್ನು ಒತ್ತಲು ಗೋವೆಯವರಿಗೆ ಅದು ಒದಗಿಬಂದ ಕಾಲ.

ಇನ್ನು ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಉಳ್ಳಾಲದ ರಾಣಿಯನ್ನು ಕಂಡದ್ದು 1623ರ ಕೊನೆಯ ಭಾಗದಲ್ಲಿ. ಇಕ್ಕೇರಿಯ ವೆಂಕಟಪ್ಪ ನಾಯಕನ ಬಳಿಗೆ ಹೊರಟ ಪೋರ್ಚುಗೀಸ್ ರಾಯಭಾರಿಯ ಜೊತೆ ಬಂದವನು, ಅಲ್ಲಿಂದ ಕರಾವಳಿಗಿಳಿದು, ಗುರುಪುರ ಹೊಳೆಯ ಬದಿಯ ಮಣೇಲಿಗೆ ರಾಣಿಯನ್ನು ಹುಡುಕಿಕೊಂಡು ಹೋದನು. ಅರಮನೆಯಲ್ಲಿ ಸಿಂಹಾಸನದ ಮೇಲಿನ ದರ್ಶನವನ್ನು ಆತ ನಿರೀಕ್ಷಿಸಿದ್ದಿರಬೇಕು. ಕಂಡದ್ದು ಬೇರೆ. ಹೊಲಗದ್ದೆಗಳಿಗೆ ನೀರು ಹಾಯಿಸುವ ಕಾಲುವೆಯ ಕೆಲಸವನ್ನು ನೋಡಿಕೊಂಡು, ಬರಿಗಾಲಿನಲ್ಲಿ, ಸೊಂಟಕ್ಕೆ ಬಿಳಿ ಹತ್ತಿಬಟ್ಟೆ ಸುತ್ತಿಕೊಂಡು, ಓಲೆಕೊಡೆಯ ನೆರಳಿನಲ್ಲಿ ರಾಣಿ ಬೀದಿಯಲ್ಲಿ ನಡೆದು ಬರುತ್ತಿದ್ದಳು. ಕಪ್ಪು ಮೈಬಣ್ಣ, ದುಂಡು ಮೈಕಟ್ಟು, ವಯಸ್ಸು ನಲವತ್ತರ ಆಸುಪಾಸು. ನೋಟಕ್ಕೆ ಅಡುಗೆಯವಳಂತೆ, ಮಾತಿನಲ್ಲಿ ಮಾತ್ರ ಅರಸಿ ಎಂಬ ಅರ್ಥದ ಅವನ ಟೀಕೆಯಲ್ಲಿ ಯುರೋಪಿನವನ ಗರ್ವವೂ ಇದೆ, ಅದನ್ನು ಮೀರಿದ ಮೆಚ್ಚುಗೆಯೂ ಇದೆ. ರಾಣಿ ಬೀದಿಯಲ್ಲಿಯೇ ನಿಂತು ದುಭಾಷಿಯ ಮೂಲಕ ಅವನ ದೇಶ, ಅವನು ಸುತ್ತಿದ ನಾಡುಗಳು, ಎಲ್ಲವನ್ನೂ ವಿಚಾರಿಸಿದಳು. ಅವಳ ಹೆಸರನ್ನು ಅವನು ತನ್ನ ಕಿವಿಗೆ ಬಿದ್ದಂತೆ ‘ಅಬಗ್ ದೇವಿ ಚೌತ್ರು’ ಎಂದು ಬರೆದುಕೊಂಡಿದ್ದಾನೆ.

1555ರಲ್ಲಿ ಇಪ್ಪತ್ತರ ಪ್ರಾಯದಲ್ಲಿ ಯುದ್ಧಕ್ಕೆ ನಿಂತ ಹೆಣ್ಣುಮಗಳಿಗೆ 1623ರಲ್ಲಿ ಎಂಬತ್ತೆಂಟಾಗಿರಬೇಕು. ದೆಲ್ಲಾ ವಾಲ್ಲೆ ಕಂಡವಳು ಅವಳಾಗಿರಲು ಸಾಧ್ಯವೇ ಇಲ್ಲ. ಮಾತೃಮೂಲದ ಮನೆತನಗಳಲ್ಲಿ ಅಜ್ಜಿಯ ಹೆಸರನ್ನು ಮೊಮ್ಮಗಳಿಗಿಡುವುದು ಸಹಜ. 1923ರಲ್ಲಿ ಪ್ರಕಟವಾದ ‘ದಕ್ಷಿಣ ಕನ್ನಡ ಜಿಲ್ಲೆಯ ಪ್ರಾಚೀನ ಇತಿಹಾಸ’ದಲ್ಲಿ ಗಣಪತಿರಾವ್ ಐಗಳರು ಕೊಟ್ಟ ಚೌಟರ ವಂಶಾವಳಿಯಲ್ಲಿಯೂ ಅಬ್ಬಕ್ಕದೇವಿ ಎಂಬ ಹೆಸರು ಒಂದಕ್ಕಿಂತ ಹೆಚ್ಚು ಬಾರಿ ಬರುತ್ತದೆ. ಇದಕ್ಕಿಂತ ಕುತೂಹಲಕರವಾದ ಸಂಗತಿಯೆಂದರೆ, ಪತಿಯೊಡನೆ ವಿರಸ, ಬೇರೆಯಾಗಿ ತನ್ನ ಸೀಮೆಯಲ್ಲಿ ವಾಸ, ಬಂಗರಸನು ಹೊಳೆಯಲ್ಲಿ ಅವಳನ್ನು ಹಿಡಿಸಿದ್ದು, ಅವಳು ವೆಂಕಟಪ್ಪ ನಾಯಕನ ನೆರವು ಬೇಡಿದ್ದು, ಅವನು ಪೋರ್ಚುಗೀಸರ ಬೆನ್ನು ಹಿಡಿದದ್ದು, ಈ ವಿವರಗಳೆಲ್ಲ ಬರುವುದು ದೆಲ್ಲಾ ವಾಲ್ಲೆಯ ಪತ್ರಗಳಲ್ಲಿ, ಅಂದರೆ ನಂತರದ ಅಬ್ಬಕ್ಕನ ಪ್ರಸಂಗದಲ್ಲಿ. ಜನಮನವು ಮೊದಲನೆಯವಳ ಕದನವನ್ನೂ ನಂತರದವಳ ದಾಂಪತ್ಯವನ್ನೂ ಒಂದೇ ಬಾಳಿಗೆ ಹೆಣೆದಿರುವಂತೆ ತೋರುತ್ತದೆ. ಅಳಿಯಸಂತಾನದ ಹಿನ್ನೆಲೆಯಲ್ಲಿ ನೋಡಿದರೆ ಆ ದಾಂಪತ್ಯದ ವಿರಸವೂ ಗಂಡಹೆಂಡಿರ ಜಗಳವಾಗಿ ಮಾತ್ರ ಉಳಿಯುವುದಿಲ್ಲ. ಅಳಿವೆಯ ಎರಡು ದಡಗಳಲ್ಲಿ ಆಳುತ್ತಿದ್ದ ಎರಡು ಮನೆತನಗಳ ನಡುವಿನ ರಾಜಕೀಯ ಒಡಂಬಡಿಕೆ ಮುರಿದುಬಿದ್ದುದು ಅಲ್ಲಿ ಕಾಣುತ್ತದೆ.

ಇದರಿಂದ ಅಬ್ಬಕ್ಕನ ಹಿರಿಮೆಗೆ ಕುಂದಾಯಿತೆಂದು ಭಾವಿಸುವವರಿದ್ದಾರೆ. ಆ ಭಾವನೆಗೆ ಕಾರಣ ಕಾಣದು. ಒಬ್ಬ ವೀರರಾಣಿಯ ಬದಲು ಎರಡು ಮೂರು ತಲೆಮಾರು ಒಂದೇ ನೀತಿಯನ್ನು ಹಿಡಿದು ನಿಂತ ಮನೆತನ ದೊರಕುವುದು ಚರಿತ್ರೆಗೆ ಲಾಭವೇ.

ಆ ನೀತಿಯ ಬೇರು ಅಕ್ಕಿ ಮತ್ತು ಮೆಣಸಿನಲ್ಲಿತ್ತು. ಗೋವೆಯ ಅನ್ನಕ್ಕೆ ಮಂಗಳೂರು, ಬಸರೂರುಗಳ ಅಕ್ಕಿ ಬೇಕು. ಲಿಸ್ಬನ್ನಿಗೆ ಮೆಣಸು ಬೇಕು. ಅರಬ್ಬೀ ಕಡಲಿನಲ್ಲಿ ಹೊರಡುವ ಪ್ರತಿ ಹಡಗೂ ಪೋರ್ಚುಗೀಸರ ‘ಕಾರ್ತಾಜ್’ ಎಂಬ ರಹದಾರಿಯನ್ನು ಕೊಂಡುಕೊಳ್ಳಬೇಕೆಂಬ ಕಟ್ಟಳೆಯನ್ನು ಒಪ್ಪಿದರೆ ಉಳ್ಳಾಲದ ಸುಂಕದ ಆದಾಯವೇ ಕುಸಿಯುತ್ತಿತ್ತು. ಆದ್ದರಿಂದ ಉಳ್ಳಾಲವು ಕಲ್ಲಿಕೋಟೆಯ ಸಾಮೂದಿರಿಯ ಕಡೆಗೆ ತಿರುಗಿತು. 1570ರ ಸುಮಾರಿಗೆ ಸಾಮೂದಿರಿಯ ನಾವಿಕ ಕುಟ್ಟಿ ಪೋಕರ್ ರಾತ್ರಿಯ ಹೊತ್ತು ಮಂಗಳೂರಿನ ಕೋಟೆಗೆ ಲಗ್ಗೆಯಿಟ್ಟು, ಮರಳುವಾಗ ಪೋರ್ಚುಗೀಸ್ ಹಡಗುಗಳಿಗೆ ಸಿಕ್ಕಿ ಹತನಾದನು. ಮಲಬಾರಿನ ಜೈನುದ್ದೀನ್ ಮಖ್ದೂಮನ ಅರಬ್ಬೀ ಗ್ರಂಥ ‘ತುಹ್ಫತುಲ್ ಮುಜಾಹಿದೀನ್’ ಇದನ್ನು ದಾಖಲಿಸಿದೆ. ಅಬ್ಬಕ್ಕನ ಪಡೆಯಲ್ಲಿ ಮೊಗವೀರರೂ ಮಾಪಿಳ್ಳೆಗಳೂ ಇದ್ದರೆಂಬ ಐತಿಹ್ಯಕ್ಕೆ ಇಂಥ ಹಿನ್ನೆಲೆ ಇರುವುದರಿಂದ ಅದನ್ನು ಬರಿಯ ಕಟ್ಟುಕಥೆಯೆಂದು ತಳ್ಳಿಹಾಕಲಾಗದು.

ಸಾಹಿತ್ಯದ ವಿದ್ಯಾರ್ಥಿಗಳು ಇಲ್ಲಿ ಇನ್ನೊಂದು ಕಾಲಸಾಮ್ಯವನ್ನು ಗುರುತಿಸಿಕೊಳ್ಳಬಹುದು. ಮೂಡುಬಿದಿರೆಯ ರತ್ನಾಕರವರ್ಣಿಯ ‘ತ್ರಿಲೋಕಶತಕ’ದ ಕಾಲ ಶಕ 1479, ಅಂದರೆ 1557. ಉಳ್ಳಾಲದ ಕಡಲಿನಲ್ಲಿ ಪರಂಗಿಯವರ ಹಡಗುಗಳು ಸುಳಿಯುತ್ತಿದ್ದ ದಶಕದಲ್ಲಿಯೇ, ಒಂದು ಹಗಲಿನ ದಾರಿಯ ಆಚೆ, ಕನ್ನಡದ ಅತ್ಯಂತ ಪ್ರಶಾಂತ ಕವಿಗಳಲ್ಲೊಬ್ಬನು ಭರತಚಕ್ರಿಯ ಭೋಗಯೋಗಗಳನ್ನು ಹಾಡುತ್ತಿದ್ದನು. ಅವನ ಕಾವ್ಯದ ದಿಗ್ವಿಜಯಕ್ಕೂ ಈ ಕಡಲ ಕದನಕ್ಕೂ ಸಂಬಂಧ ಹುಡುಕುವುದು ಸಾಹಸವಾದೀತು. ಆದರೂ ಜೈನ ತುಳುನಾಡಿನ ಈ ಎರಡು ಮುಖಗಳನ್ನು ಒಟ್ಟಿಗೆ ನೋಡುವ ಅಭ್ಯಾಸ ನಮ್ಮ ಸಾಹಿತ್ಯಚರಿತ್ರೆಗಳಲ್ಲಿ ಬೆಳೆದಿಲ್ಲ.

ಹದಿನೇಳನೆಯ ಶತಮಾನದಲ್ಲಿ ಇಕ್ಕೇರಿಯ ನಾಯಕರ ಹಿಡಿತ ಬಲಿತಂತೆ ಚೌಟರು ಕಡಲನ್ನು ಬಿಟ್ಟು ಒಳನಾಡಿಗೆ ಸರಿದರು. ಪುತ್ತಿಗೆ, ಕೊನೆಗೆ ಮೂಡುಬಿದಿರೆ ಅವರ ಬೀಡಾಯಿತು. ನವನಾರಿ ಕುಂಜರ, ಪಂಚನಾರಿ ತುರಗಗಳ ಕೆತ್ತನೆಯುಳ್ಳ ಮರದ ಕಂಬಗಳ ಚೌಟರ ಅರಮನೆ ಇಂದಿಗೂ ಅಲ್ಲಿದೆ. ಉಳ್ಳಾಲಕ್ಕೆ ಅರಮನೆಯೂ ಹೋಯಿತು, ರೇವಿನ ಪ್ರತಿಷ್ಠೆಯೂ ಹೋಯಿತು. 1799ರ ನಂತರ ಕಂಪನಿಯ ಆಡಳಿತದಲ್ಲಿ ಮಂಗಳೂರು ಜಿಲ್ಲೆಯ ಮುಖ್ಯ ಪಟ್ಟಣವಾಯಿತು. 1907ರಲ್ಲಿ ಮಲಬಾರಿನಿಂದ ಬಂದ ರೈಲು ನೇತ್ರಾವತಿಯನ್ನು ದಾಟಿತು. ಆಮೇಲೆ ಉಳ್ಳಾಲವು ದಾರಿಯ ಮೇಲಿನ ಒಂದು ನಿಲ್ದಾಣ.

ಆದರೆ ಊರು ಬರಿದಾಗಲಿಲ್ಲ. ವ್ಯಾಪಾರವನ್ನು ಸೂಚಿಸುವ ತುಳುವಿನ ‘ಬ್ಯಾರ’ದಿಂದ ಹೆಸರು ಪಡೆದರೆಂದು ಹೇಳಲಾಗುವ ಬ್ಯಾರಿಗಳು ಇಲ್ಲಿಯ ಪ್ರಧಾನ ಸಮುದಾಯ. ಮಲಯಾಳಕ್ಕೆ ಹತ್ತಿರವಾಗಿ ತುಳುವಿನೊಡನೆ ಬೆರೆತ ಅವರ ನುಡಿಗೆ 2007ರಲ್ಲಿ ಕರ್ನಾಟಕ ಸರಕಾರ ಸಾಹಿತ್ಯ ಅಕಾಡೆಮಿಯನ್ನು ಸ್ಥಾಪಿಸಿತು. ಮದೀನದಿಂದ ಬಂದವರೆಂದು ಐತಿಹ್ಯವುಳ್ಳ ಸಯ್ಯದ್ ಮುಹಮ್ಮದ್ ಶರೀಫುಲ್ ಮದನಿಯವರ ದರ್ಗಾ ಉಳ್ಳಾಲದ ಹೆಸರನ್ನು ಕೇರಳದವರೆಗೂ ಒಯ್ದಿದೆ. ಐದು ವರ್ಷಕ್ಕೊಮ್ಮೆ ನಡೆಯುವ ಉರೂಸಿಗೆ ಎಲ್ಲ ಮತದವರೂ ಬರುತ್ತಾರೆ. ಈ ಕ್ಷೇತ್ರವನ್ನು ವಿಧಾನಸಭೆಯಲ್ಲಿ ಪ್ರತಿನಿಧಿಸಿದ ಬಿ. ಎಂ. ಇದಿನಬ್ಬ ಕನ್ನಡದ ಕವಿಗಳೂ ಹೌದು. ತೊಕ್ಕೊಟ್ಟಿನ ಪೆರ್ಮನ್ನೂರಿನ ಇಗರ್ಜಿ ಸಂತ ಸೆಬಾಸ್ಟಿಯನ್ನನದು. ಪೋರ್ಚುಗೀಸ್ ಕೋಟೆಗೂ ಅದೇ ಸಂತನ ಹೆಸರಿತ್ತೆಂಬುದು ಕೌತುಕದ ಮಾತು, ಅಷ್ಟನ್ನೇ ಆಧಾರವಾಗಿಸಿ ಏನನ್ನೂ ಹೇಳಲಾಗದು.

ಮೊಗವೀರರ ಪಾಡು ಬೇರೆ. ಊರೆಲ್ಲ ಸೇರಿ ದಡಕ್ಕೆ ಎಳೆಯುತ್ತಿದ್ದ ರಂಪಣಿ ಬಲೆಯನ್ನು 1970ರ ದಶಕದ ಉತ್ತರಾರ್ಧದಲ್ಲಿ ಬಂದ ಪರ್ಸೀನ್ ಬಲೆ ಹಿಂದಿಕ್ಕಿತು. ದೊಡ್ಡ ದೋಣಿಗಳು ತಂಗುವುದು ಹೊಳೆಯಾಚೆಯ ಮಂಗಳೂರಿನ ದಕ್ಕೆಯಲ್ಲಿ. ಮೀನು ಹಿಡಿಯುವವನೂ ಕೆಲಸಕ್ಕೆ ನದಿ ದಾಟಬೇಕಾಯಿತು. ಕೋಟೆಪುರದಲ್ಲಿ ಮೀನಿನೆಣ್ಣೆಯ ಕಾರ್ಖಾನೆಗಳು ಬಂದವು.

ಹೀಗೆ ಬದಲಾದ ಊರಿನಲ್ಲಿ ಅಬ್ಬಕ್ಕ ಮರಳಿ ಬಂದಳು. ವರ್ಷಂಪ್ರತಿ ಅಬ್ಬಕ್ಕ ಉತ್ಸವ ನಡೆಯುತ್ತದೆ, ಪ್ರತಿಮೆಯಿದೆ. 2012ರಲ್ಲಿ ತಟರಕ್ಷಣಾ ಪಡೆಯ ಹಡಗೊಂದಕ್ಕೆ ಅವಳ ಹೆಸರಿಟ್ಟರು. ಉತ್ಸವದ ಮೆರವಣಿಗೆಯಲ್ಲಿ ಹೆಜ್ಜೆ ಹಾಕುವವರಲ್ಲಿ ಅವಳ ಮತದವರು ಬೆರಳೆಣಿಕೆಯಷ್ಟು. ಅವಳು ಜೈನಳೆಂಬುದನ್ನು ಭಾಷಣಗಳಲ್ಲಿ ಒಂದು ವಾಕ್ಯದಲ್ಲಿ ಹೇಳಿ ಮುಗಿಸುವುದುಂಟು. ಅದಕ್ಕೆ ಬೇಸರಪಡುವ ಜೈನರು, ರಾಣಿಯನ್ನು ತಮ್ಮವಳೆಂದು ಕರೆದುಕೊಂಡ ಬೇರೆ ಸಮುದಾಯಗಳಿಲ್ಲದಿದ್ದರೆ ಉಳ್ಳಾಲದಲ್ಲಿ ಅವಳ ಹೆಸರು ಇಷ್ಟು ಗಟ್ಟಿಯಾಗಿ ಕೇಳಿಬರುತ್ತಿತ್ತೇ ಎಂಬುದನ್ನೂ ಯೋಚಿಸಬೇಕು.

ಈಗ ಅವಸರವಿರುವುದು ನೆಲದ ಸಾಕ್ಷ್ಯದ ವಿಷಯದಲ್ಲಿ. ಉಳ್ಳಾಲದ ಕರೆಯನ್ನು ಕಡಲು ಮಳೆಗಾಲದಿಂದ ಮಳೆಗಾಲಕ್ಕೆ ಕೊರೆಯುತ್ತಿದೆ. ಕೋಟೆಪುರ, ಮೊಗವೀರಪಟ್ನ, ಮುಕ್ಕಚ್ಚೇರಿ, ಸೋಮೇಶ್ವರ, ಉಚ್ಚಿಲಗಳಲ್ಲಿ ಮನೆಗಳೂ ತೆಂಗಿನ ತೋಟಗಳೂ ನೀರುಪಾಲಾಗಿವೆ. ಲೋಡುಗಟ್ಟಲೆ ಬಂಡೆಗಳನ್ನು ಸುರಿದದ್ದಾಯಿತು. ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ನೆರವಿನಿಂದ ಕಡಲೊಳಗೆ ದಿಬ್ಬಗಳನ್ನೂ ಅಲೆತಡೆಗಳನ್ನೂ ಕಟ್ಟಿದರು. ಒಂದು ಕಡೆ ತಡೆದರೆ ಇನ್ನೊಂದು ಕಡೆ ಕೊರೆತ ಹೆಚ್ಚುತ್ತದೆಂಬುದು ದಡದವರ ದೂರು. ಮನೆ ಕಳೆದುಕೊಂಡವರು ಒಳಗೆ ಸರಿದಾಗ ಹೊಸ ಬಡಾವಣೆಗೆ ಹೊಸ ಹೆಸರು ಬರುತ್ತದೆ, ಹಳೆಯ ಕೇರಿಯ ಹೆಸರು ಪಡಿತರ ಚೀಟಿಯಿಂದಲೂ ಮತದಾರರ ಪಟ್ಟಿಯಿಂದಲೂ ಕಳಚಿಕೊಳ್ಳುತ್ತದೆ. ಬಸ್ತಿಪಡ್ಪು ಇನ್ನೂ ಬಸ್ತಿಪಡ್ಪುವೇ. ಕೋಟೆಪುರದ ಮರಳಿನ ತುದಿಯಲ್ಲಿ ನಿಂತವರಿಗೆ ಅಳಿವೆಯ ಆಚೆ ಬೆಂಗ್ರೆಯೂ, ಅದರ ಹಿಂದೆ ಬಂಗರಸರ ಮಂಗಳೂರೂ ಸ್ಪಷ್ಟವಾಗಿ ಕಾಣುತ್ತವೆ. ನಡುವೆ ದಕ್ಕೆಯ ಕಡೆಗೆ ಮರಳುವ ದೋಣಿಗಳು ಸಾಗುತ್ತಿರುತ್ತವೆ.