ಸಂಖ್ಯೆಯೂ ಗುರುತೂ: ಗಣಕದ ಮೇಲ್ವಿಚಾರಣೆಯ ಚರಿತ್ರೆಯಲ್ಲಿ ಒಂದು ಸಮಸ್ಯೆ

ಶಾಸನಗಳಲ್ಲಿ ಒಂದೇ ಹೆಸರಿನ ಅರಸರಿಬ್ಬರು ಕಂಡುಬಂದರೆ ಚರಿತ್ರಕಾರನು ಅವರನ್ನು ಕಾಲನಿರ್ದೇಶದಿಂದ ಬೇರ್ಪಡಿಸುತ್ತಾನೆ. ಹೆಸರೊಂದನ್ನೇ ನಂಬಿದರೆ ಇಬ್ಬರ ಕೃತ್ಯಗಳೂ ಒಬ್ಬನ ಪಾಲಿಗೆ ಸೇರಿಬಿಡುವುವು. ಇಂಥದೇ ತೊಡಕು ಗಣಕಗಳ ಚರಿತ್ರೆಯಲ್ಲಿಯೂ ತಲೆದೋರಿದ ಬಗೆಯನ್ನು ನಾವಿಲ್ಲಿ ಸಂಗ್ರಹವಾಗಿ ಪರಿಶೀಲಿಸುತ್ತೇವೆ.

ಗಣಕದಲ್ಲಿ ನಡೆಯುತ್ತಿರುವ ಪ್ರೋಗ್ರಾಮಿಗೆ ‘ಪ್ರೋಸೆಸ್’ ಎಂದು ಹೆಸರು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮೊದಲಾದವರು 1969ರಲ್ಲಿ ಯೂನಿಕ್ಸ್ ವ್ಯವಸ್ಥೆಯ ರಚನೆಯನ್ನು ಆರಂಭಿಸಿದರು. ಒಂದು ಪ್ರೋಸೆಸ್ ಇನ್ನೊಂದನ್ನು ಹುಟ್ಟಿಸಿದಾಗ ಹೊಸದರ ಗುರುತುಸಂಖ್ಯೆಯು ಹುಟ್ಟಿಸಿದ ಪ್ರೋಸೆಸ್ಸಿಗೆ ತಿಳಿಯುವ ಏರ್ಪಾಡು ಅದರ 1971ರ ಕೈಪಿಡಿಯಲ್ಲಿಯೇ ಇದೆ. 1984ರಲ್ಲಿ ಟಾಮ್ ಕಿಲಿಯನ್ ಎಂಬುವರು ಪ್ರತಿಯೊಂದು ಪ್ರೋಸೆಸ್ಸೂ ತನ್ನ ಸಂಖ್ಯೆಯನ್ನೇ ಹೆಸರಾಗಿ ಉಳ್ಳ ಕಡತದಂತೆ ತೋರುವ ‘ಪ್ರೋಕ್’ ವಿಧಾನವನ್ನು ಪ್ರಕಟಿಸಿದರು. ಲಿನಕ್ಸ್ ವ್ಯವಸ್ಥೆಯೂ ಈ ಮಾರ್ಗವನ್ನು ಹಿಡಿಯಿತು. ಅದರ ಮೇಲ್ವಿಚಾರಕ ತಂತ್ರಾಂಶಗಳಾದ ‘ಪಿಎಸ್’, ‘ಟಾಪ್’ಗಳು ಇಲ್ಲಿಂದಲೇ ವಿವರಗಳನ್ನು ಓದುತ್ತವೆ.

ಆದರೆ ಈ ಸಂಖ್ಯೆಗಳಿಗೆ ಮಿತಿಯುಂಟು. ಲಿನಕ್ಸಿನಲ್ಲಿ ರೂಢಿಯ ಮೇರೆ 32768. 64 ಬಿಟ್ ಯಂತ್ರಗಳಲ್ಲಿ ಅದನ್ನು 4194304ರವರೆಗೆ ಏರಿಸಬಹುದು. ಮೇರೆ ಮುಟ್ಟಿದ ಬಳಿಕ ಎಣಿಕೆಯು 300ಕ್ಕೆ ಹಿಂದಿರುಗಿ, ಅಳಿದವುಗಳ ಸಂಖ್ಯೆಗಳನ್ನು ಹೊಸಬರಿಗೆ ಹಂಚುತ್ತದೆ. ಇದರ ಪರಿಣಾಮ ಸಾಮಾನ್ಯವಾದುದಲ್ಲ. ಸೇವೆಯೊಂದು ತನ್ನ ಸಂಖ್ಯೆಯನ್ನು ಕಡತದಲ್ಲಿ ಬರೆದಿಟ್ಟು ಅಕಸ್ಮಾತ್ತಾಗಿ ಅಳಿದುಹೋಗಿರಬಹುದು. ಮುಂದೆ ಆ ಕಡತವನ್ನು ನೋಡಿ ‘ನಿಲ್ಲು’ ಎಂದು ಕಳುಹಿಸಿದ ಆಜ್ಞೆಯು ಅದೇ ಸಂಖ್ಯೆಯನ್ನು ಪಡೆದ ನಿರಪರಾಧಿಯಾದ ಬೇರೊಂದು ಪ್ರೋಸೆಸ್ಸನ್ನು ಕೊನೆಗಾಣಿಸಬಹುದು. ಮೇಲ್ವಿಚಾರಕನ ದಾಖಲೆಯಲ್ಲಿಯೂ ಇಬ್ಬರ ಲೆಕ್ಕ ಒಂದಾಗಿಬಿಡುತ್ತದೆ.

ಇದಕ್ಕೆ ಕಂಡುಕೊಂಡ ಪರಿಹಾರವು ಚರಿತ್ರಕಾರನ ಮಾರ್ಗವೇ ಆಗಿರುವುದು ಗಮನಾರ್ಹ. ‘ಪ್ರೋಕ್’ ದಾಖಲೆಯಲ್ಲಿ ಪ್ರತಿಯೊಂದು ಪ್ರೋಸೆಸ್ಸಿನ ಆರಂಭಕಾಲವೂ ನಮೂದಾಗಿರುತ್ತದೆ. ಈ ಕಾಲವನ್ನು ಯಂತ್ರವು ಚಾಲೂ ಆದ ಗಳಿಗೆಯಿಂದ ಎಣಿಸುವುದರಿಂದ, ಎಚ್ಚರವುಳ್ಳ ಮೇಲ್ವಿಚಾರಕ ತಂತ್ರಾಂಶವು ಸಂಖ್ಯೆ, ಆರಂಭಕಾಲ, ಯಂತ್ರವು ಚಾಲೂ ಆದ ಸರದಿ ಈ ಮೂರನ್ನೂ ಕೂಡಿಸಿ ಗುರುತು ಮಾಡುತ್ತದೆ. ಆದರೂ ಪರೀಕ್ಷಿಸಿದುದಕ್ಕೂ ಆಜ್ಞೆ ಕಳುಹಿಸಿದುದಕ್ಕೂ ನಡುವಣ ಕ್ಷಣದಲ್ಲಿ ಪ್ರಮಾದಕ್ಕೆ ಎಡೆಯಿದ್ದೇ ಇತ್ತು. 2019ರಲ್ಲಿ ಲಿನಕ್ಸಿಗೆ ಸೇರಿದ ‘ಪಿಡ್‌ಎಫ್‌ಡಿ’ ಎಂಬ ಹಿಡಿಕೆಯು ಒಂದೇ ಪ್ರೋಸೆಸ್ಸಿಗೆ ಬದ್ಧವಾಗಿರುತ್ತದೆ. ಅದು ಅಳಿದ ಮೇಲೆ ಸಂಖ್ಯೆಯು ಬೇರೆಯವರ ಪಾಲಾದರೂ ಆಜ್ಞೆಯು ಅವರಿಗೆ ತಾಗದು.

ಹೀಗೆ, ಸಂಖ್ಯೆಯು ಸ್ಥಾನವನ್ನು ಸೂಚಿಸುತ್ತದೆಯೇ ಹೊರತು ಆ ಸ್ಥಾನದಲ್ಲಿರುವವರನ್ನಲ್ಲ ಎಂಬ ತತ್ತ್ವವು ಯಂತ್ರದಲ್ಲಿ ನೆಲೆಗೊಳ್ಳಲು ಸುಮಾರು ಅರ್ಧ ಶತಮಾನ ಹಿಡಿಯಿತು. ದಾಖಲೆಯನ್ನು ಓದುವವರೆಲ್ಲರೂ ಇದನ್ನು ಮನನ ಮಾಡುವುದು ಯುಕ್ತ.